ಆ ಫಾರ್ಮ್‌ನಲ್ಲಿ ಇಲ್ಲದ ಕಾಲಂ

ಹೋದ ವರ್ಷ ಫೆಬ್ರವರಿಯಲ್ಲಿ ನಾವು ಎಂಟು ಜನ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗಿದ್ವಿ. ‘ಎಸ್ಸೆಸ್ಸೆಲ್ಸಿ ನಂತರ ಮುಂದೇನು?’ ಅಂತ ದೊಡ್ಡ ಬ್ಯಾನರ್. ಸಮಾಜಸೇವೆ ಮಾಡ್ಬೇಕು ಅನ್ನೋ ಉತ್ಸಾಹ ಸ್ವಲ್ಪ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಹೋಗಿದ್ದು ಆಕ್ಟಿವಿಟಿ ಪಾಯಿಂಟ್ಸ್‌ಗೋಸ್ಕರ. ನಾಲ್ಕು ವರ್ಷದಲ್ಲಿ 100 ಪಾಯಿಂಟ್ ಆಗ್ಬೇಕಲ್ಲ, ನಂದು ಆಗಿದ್ದು 20. ನಿಮ್ಮಲ್ಲೂ ಎಷ್ಟೋ ಜನರ ಲೆಕ್ಕ ಹೀಗೇ ಇರುತ್ತೆ ಅಂತ ಗೊತ್ತಿರೋದ್ರಿಂದ ಧೈರ್ಯವಾಗಿ ಬರೀತಿದ್ದೀನಿ.

ಬ್ಯಾನರ್, ನೀರಿನ ಬಾಟಲಿ, ಮಕ್ಕಳಿಗೆ ಹಂಚೋಕೆ ಪೆನ್ನು ಎಲ್ಲಾ ಕೊಟ್ಟಿದ್ದು ಒಂದು ಸಂಸ್ಥೆ. ಜೊತೆಗೆ ಒಂದು ಕಟ್ಟು ಫಾರ್ಮ್ ಕೂಡ ಕೊಟ್ಟಿದ್ರು. ‘ಮಕ್ಕಳ ಹತ್ರ ತುಂಬಿಸ್ಕೊಂಡು ಬನ್ನಿ, ಸ್ಕಾಲರ್‌ಶಿಪ್ ಬಗ್ಗೆ ಮಾಹಿತಿ ಕಳಿಸ್ತೀವಿ’ ಅಂದಿದ್ರು. ಫಾರ್ಮ್‌ನಲ್ಲಿ ಹನ್ನೊಂದು ಕಾಲಂ. ಹೆಸರು, ಹುಟ್ಟಿದ ದಿನಾಂಕ, ಜಾತಿ, ಅಪ್ಪನ ಉದ್ಯೋಗ, ವರ್ಷದ ಆದಾಯ, ಮನೆಯ ಫೋನ್ ನಂಬರ್, ವಾಟ್ಸಾಪ್ ನಂಬರ್, ಒಂಬತ್ತನೇ ಕ್ಲಾಸಿನ ಶೇಕಡಾವಾರು... ಹೀಗೆ. ಆಮೇಲೆ ನಾನೇ ಕೂತ್ಕೊಂಡು ಆ 140 ಫಾರ್ಮ್‌ಗಳನ್ನ ಶೀಟಿಗೆ ಟೈಪ್ ಮಾಡಿದ್ದು. ಅಷ್ಟು ಹೊತ್ತು ಟೈಪ್ ಮಾಡಿದ್ರೂ ಒಂದು ವಿಷಯ ಮಾತ್ರ ಹೊಳೀಲಿಲ್ಲ. ‘ನಿನಗೆ ಏನು ಮಾಡೋಕೆ ಇಷ್ಟ?’ ಅಂತ ಕೇಳೋ ಕಾಲಂ ಅದರಲ್ಲಿ ಇರಲೇ ಇಲ್ಲ.

ಕಾರ್ಯಕ್ರಮ ಚೆನ್ನಾಗೇ ಆಯ್ತು. ಅಂದ್ರೆ, ನಾವು ಚೆನ್ನಾಗಿ ಮಾತಾಡಿದ್ವಿ. ಸೈನ್ಸ್ ತಗೊಳ್ಳಿ, ಪಿಸಿಎಂಬಿ ತಗೊಂಡ್ರೆ ಎರಡೂ ಬಾಗಿಲು ತೆರೆದಿರುತ್ತೆ, ಸಿಇಟಿ ಬರೀರಿ, ಇಂಜಿನಿಯರಿಂಗ್ ಮಾಡಿ, ಇಷ್ಟು ಪ್ಯಾಕೇಜ್ ಬರುತ್ತೆ. ಕೊನೆಗೆ ‘ಯಾರಿಗಾದ್ರೂ ಡೌಟ್ ಇದ್ಯಾ?’ ಅಂದ್ವಿ. ಯಾರೂ ಕೈ ಎತ್ತಲಿಲ್ಲ. ಅಷ್ಟು ಜನರ ಮುಂದೆ, ಎಚ್‌ಎಂ ಪಕ್ಕದಲ್ಲೇ ಕೂತಿರುವಾಗ, ಹದಿನೈದು ವರ್ಷದ ಮಕ್ಕಳು ಕೈ ಎತ್ತಿ ಏನು ಕೇಳ್ತಾರೆ? ನಮ್ಮ ಕ್ಲಾಸಲ್ಲಿ ಇಪ್ಪತ್ತೊಂದು ವರ್ಷದ ನಾವೇ ಎತ್ತಲ್ಲ.

ಹೊರಡುವಾಗ ಒಬ್ಬ ಹುಡುಗ ಬಸ್ ಸ್ಟಾಪಿನವರೆಗೂ ಹಿಂದೆ ಬಂದ. ‘ಸಾರ್, ಐಟಿಐ ಮಾಡಿದ್ರೆ ತಪ್ಪಾ?’ ಅಂದ. ಎಷ್ಟು ಪರ್ಸೆಂಟ್ ಅಂತ ಕೇಳಿದೆ. 86 ಅಂದ. ‘ಅಯ್ಯೋ, ಇಷ್ಟು ಚೆನ್ನಾಗಿ ಓದ್ತೀಯ, ಐಟಿಐ ಯಾಕೋ? ಸೈನ್ಸ್ ತಗೋ’ ಅಂದೆ. ಸರಿ ಸಾರ್ ಅಂದ. ಹೋಗ್ತಾ ಹೋಗ್ತಾ ಒಂದು ಮಾತು ಹೇಳಿದ: ಅವರ ಮಾವಂದು ಮೋಟಾರ್ ರಿವೈಂಡಿಂಗ್ ಅಂಗಡಿ, ಶನಿವಾರ ಭಾನುವಾರ ಇವನೂ ಹೋಗ್ತಾನೆ, ಬೋರ್‌ವೆಲ್ ಮೋಟಾರ್ ಕಾಯಿಲ್ ಸುತ್ತೋದು ಬರುತ್ತೆ ಅಂತ. ನಾನು ಇಇಇ ಆರನೇ ಸೆಮಿಸ್ಟರ್. ಅಲ್ಲಿವರೆಗೆ ನಾನು ವೈಂಡಿಂಗ್ ಮಾಡಿದ್ದು ಡ್ರಾಯಿಂಗ್ ಶೀಟ್ ಮೇಲೆ ಮಾತ್ರ. ಅವನು ಸುತ್ತಿರೋ ಮೋಟಾರುಗಳು ಯಾವುದೋ ತೋಟದಲ್ಲಿ ನೀರೆತ್ತುತ್ತಾ ಇದ್ವು. ಅಂಥವನಿಗೆ ನಾನು ಮಾರ್ಗದರ್ಶನ ಮಾಡಿ ಬಸ್ ಹತ್ತಿದೆ.

ಅವನಿಗೆ ಕೊಡಬೇಕಾಗಿದ್ದ ಉತ್ತರ ಕಷ್ಟದ್ದೇನೂ ಅಲ್ಲ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು. ಮುಗಿಸಿದ ಮೇಲೆ ಅಪ್ರೆಂಟಿಸ್ ಆಗಿ ಸೇರಿದ್ರೆ ಕಲಿಯೋ ಕಾಲದಲ್ಲೇ ಸ್ಟೈಪೆಂಡ್ ಸಿಗುತ್ತೆ. ಓದೋ ಮನಸ್ಸಿದ್ರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ಅಲ್ಲಿಂದ ಡಿಸಿಇಟಿ ಬರೆದು ನಮ್ಮ ಪಕ್ಕದ ಬೆಂಚಿಗೇ ಬಂದು ಕೂರಬಹುದು. ನಮ್ಮ ಕ್ಲಾಸಲ್ಲಿ ಡಿಪ್ಲೊಮಾದಿಂದ ಬಂದವರು ಲ್ಯಾಬಲ್ಲಿ ನಮಗಿಂತ ಎಷ್ಟು ಮುಂದಿರ್ತಾರೆ ಅಂತ ಎಲ್ಲರಿಗೂ ಗೊತ್ತು. ವೈವಾ ಹಿಂದಿನ ದಿನ ಅವರ ರೂಮಿಗೇ ತಾನೇ ಓಡೋದು? ಇಷ್ಟೆಲ್ಲ ಗೊತ್ತಿದ್ದೂ ನಾನು ಹೇಳಲಿಲ್ಲ. ‘ಐಟಿಐ’ ಅನ್ನೋ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನೊಳಗಿನ ಯಾವುದೋ ಮಾವ, ಚಿಕ್ಕಪ್ಪ ಎದ್ದು ಕೂತು ಮಾತಾಡಿಬಿಟ್ಟ. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಮನೆಯಲ್ಲೂ ಹಾಗೇ ಮಾತಾಡಿದ್ರು. ನನ್ನ ಬಗ್ಗೆ ಒಂದೂವರೆ ಗಂಟೆ ಚರ್ಚೆ ಆಯ್ತು, ನಾನು ಆವಾಗ ಕಾಫಿ ಲೋಟ ಎತ್ತಿಡ್ತಾ ಇದ್ದೆ.

ಮೇ ತಿಂಗಳಲ್ಲಿ ಆ ಶಾಲೆಯ ಮೇಷ್ಟ್ರೊಬ್ಬರು ಫೋನ್ ಮಾಡಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು, ತುಂಬ ಮೆತ್ತಗೆ ಕೇಳಿದ್ರು: ‘ನೀವು ತಗೊಂಡು ಹೋದ್ರಲ್ಲಪ್ಪಾ ನಂಬರ್‌ಗಳು, ಯಾರಿಗೆ ಕೊಟ್ರಿ?’ ರಿಸಲ್ಟ್ ಬಂದ ದಿನದಿಂದ ಮನೆಮನೆಗೂ ಫೋನ್ ಮೇಲೆ ಫೋನ್. ನಿಮ್ಮ ಮಗಳು ಸೆಲೆಕ್ಟ್ ಆಗಿದ್ದಾಳೆ, ಸೀಟು ಎರಡೇ ಉಳಿದಿವೆ, ಇವತ್ತೇ ಅಡ್ವಾನ್ಸ್ ಕಟ್ಟಿ ಅಂತ. ಒಬ್ಬ ಹುಡುಗಿಯ ಅಪ್ಪ 10,000 ರೂಪಾಯಿ ಕಟ್ಟಿದ್ರು. ಆ ಹುಡುಗಿಗೆ ಕಾಮರ್ಸ್ ಓದ್ಬೇಕು ಅಂತ ಇತ್ತಂತೆ, ಮೇಷ್ಟ್ರ ಹತ್ರ ಮಾತ್ರ ಹೇಳಿದ್ಲಂತೆ. ದುಡ್ಡು ಕಟ್ಟಿ ಆಯ್ತಲ್ಲ, ಇನ್ನೇನು ಮಾತು. ದುಡ್ಡು ವಾಪಸ್ ಕೇಳಿದ್ರೆ ನಾನ್ ರಿಫಂಡಬಲ್ ಅಂದ್ರಂತೆ.

ಆ ನಂಬರನ್ನ ಟೈಪ್ ಮಾಡಿದ್ದು ನಾನು.

ಇಲ್ಲಿಂದ ಮುಂದೆ ಬರೆಯೋದು ನಾನು ಆಮೇಲೆ ಕೂತು ಓದಿ ತಿಳ್ಕೊಂಡಿದ್ದು. ಮಕ್ಕಳ ಹಕ್ಕು ಅಂದ್ರೆ ನನ್ನ ತಲೆಯಲ್ಲಿ ಇದ್ದಿದ್ದು ಬಾಲಕಾರ್ಮಿಕರು, ಬಾಲ್ಯವಿವಾಹ, ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಎರಡು ಅಂಕದ ಪ್ರಶ್ನೆ, ಅಷ್ಟೇ. ಕರಿಯರ್ ಗೈಡೆನ್ಸಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಬಂದಿದ್ದು, ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 1992ರ ಡಿಸೆಂಬರ್‌ನಲ್ಲಿ. 18 ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳೇ. ಅಂದ್ರೆ ಎಸ್ಸೆಸ್ಸೆಲ್ಸಿ ಬರೆಯೋರು ಮಾತ್ರ ಅಲ್ಲ, ಪಿಯುಸಿಯವರೂ ಬಂದ್ರು. ಸಿಇಟಿ ಆಪ್ಷನ್ ಎಂಟ್ರಿಗೆ ಕೂತ್ಕೊಳ್ಳೋರಲ್ಲೂ ಎಷ್ಟೋ ಜನ ಇನ್ನೂ ಹದಿನೇಳರಲ್ಲೇ ಇರ್ತಾರೆ.

ಅದರ 28ನೇ ವಿಧಿ ಶಿಕ್ಷಣದ ಹಕ್ಕಿನ ಬಗ್ಗೆ. ಅದರಲ್ಲೇ ಒಂದು ಉಪವಿಧಿ ಇದೆ: ಶಿಕ್ಷಣ ಮತ್ತು ವೃತ್ತಿಯ ಬಗ್ಗೆ ಮಾಹಿತಿ, ಮಾರ್ಗದರ್ಶನ ಎಲ್ಲ ಮಕ್ಕಳಿಗೂ ಸಿಗುವಂತೆ ಸರ್ಕಾರ ಮಾಡಬೇಕು ಅಂತ. ಓದಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯ್ತು. ನಾವು ಬ್ಯಾನರ್ ಕಟ್ಕೊಂಡು ಹೋಗಿ ಉಪಕಾರ ಮಾಡ್ತಿದ್ದೀವಿ ಅನ್ಕೊಂಡಿದ್ವಿ. ಉಪಕಾರ ಅಲ್ಲ, ಆ ಮಕ್ಕಳಿಗೆ ಸಲ್ಲಬೇಕಾದ್ದು. ಸಲ್ಲಬೇಕಾದ್ದನ್ನ ಕೊಡುವಾಗ ಅರ್ಧ ಕೊಡೋ ಹಾಗಿಲ್ಲ. ರೇಷನ್ ಅಂಗಡಿಯಲ್ಲಿ ತೂಕದಲ್ಲಿ ಹೊಡೆದ್ರೆ ಜಗಳ ಆಡ್ತೀವಿ ಅಲ್ವಾ? ನಾವು ಆವತ್ತು ಹೊಡೆದಿದ್ದೂ ತೂಕದಲ್ಲೇ. ಐಟಿಐ ಬಿಟ್ವಿ, ಡಿಪ್ಲೊಮಾ ಒಂದೇ ಸಾಲಲ್ಲಿ ಮುಗಿಸಿದ್ವಿ, ಜಿಟಿಟಿಸಿ ಹೆಸರೇ ಎತ್ತಲಿಲ್ಲ, ಆರ್ಟ್ಸ್ ಅಂದ್ರೆ ನಗಾಡಿದ್ವಿ.

ಅದಕ್ಕಿಂತ ದೊಡ್ಡ ಕಳ್ಳತೂಕ ಬೇರೆ ಇದೆ. ಆ 140 ಮಕ್ಕಳೂ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರೇ ಹೆಚ್ಚು. ನಮ್ಮ ರಾಜ್ಯದ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡಾ, ಕನ್ನಡ ಮಾಧ್ಯಮಕ್ಕೆ 5 ಶೇಕಡಾ ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಸಹಿ ಬೇಕು, ಹತ್ತು ವರ್ಷದ ದಾಖಲೆ ಬೇಕು. ಶಾಲೆ ಬಿಡೋ ಹೊತ್ತಲ್ಲೇ ಇದನ್ನ ಒಂದು ಮಾತು ಹೇಳಿದ್ರೆ ಎರಡು ವರ್ಷ ಆದ್ಮೇಲೆ ಅಲೆದಾಡೋದು ತಪ್ಪುತ್ತೆ. ಇಂಜಿನಿಯರಿಂಗನ್ನೇ ಮಾರೋಕೆ ಹೋದ ನಾವು ಅದನ್ನೂ ಹೇಳಲಿಲ್ಲ! ನಮ್ಮ ಎಂಟು ಜನರಲ್ಲಿ ಇಬ್ಬರು ಕನ್ನಡ ಮಾಧ್ಯಮದ ಕೋಟಾದಲ್ಲೇ ಬಂದವರು. ಹೇಳ್ಕೊಳ್ಳೋಕೆ ಸಂಕೋಚ ಪಟ್ಟು ಸುಮ್ಮನಿದ್ರು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೀಬೇಕಾಗಿ ಬಂದಿದ್ದಕ್ಕೆ ನನಗೆ ಇನ್ನೂ ಸಂಕಟ ಇದೆ.

12ನೇ ವಿಧಿ ಇನ್ನೊಂದು. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು. ಇದನ್ನ ಹಾಸ್ಟೆಲಲ್ಲಿ ಹೇಳಿದಾಗ ನನ್ನ ರೂಮ್‌ಮೇಟ್ ನಕ್ಕ. ‘ಹತ್ತನೇ ಕ್ಲಾಸಲ್ಲಿ ನನ್ನನ್ನ ಕೇಳಿದ್ರೆ ಆರ್‌ಸಿಬಿಗೆ ಓಪನಿಂಗ್ ಹೋಗ್ತೀನಿ ಅಂದಿರ್ತಿದ್ದೆ, ಕಳಿಸ್ತಿದ್ರಾ?’ ಅಂದ. ಅವನ ಮಾತು ತಳ್ಳಿಹಾಕೋ ಹಾಗಿಲ್ಲ. ಹದಿನೈದರಲ್ಲಿ ನಮಗೆ ಏನೂ ಗೊತ್ತಿರಲಿಲ್ಲ, ನಿಜ. ಆದ್ರೆ ವಿಧಿ ಹೇಳ್ತಿರೋದು ಮಗು ಹೇಳಿದ್ದೇ ಆಗಬೇಕು ಅಂತಲ್ಲ. ಕೇಳಿ, ಲೆಕ್ಕಕ್ಕೆ ತಗೊಳ್ಳಿ ಅಂತ. ಅಪ್ಪ ಅಮ್ಮನ ಜಾಗವನ್ನೂ ಅದು ಕಿತ್ತುಕೊಳ್ಳಲ್ಲ, ಮಗುವಿಗೆ ದಾರಿ ತೋರಿಸೋ ಅವರ ಹೊಣೆಯನ್ನ 5ನೇ ವಿಧಿ ಒಪ್ಪುತ್ತೆ. ಕ್ರಿಕೆಟ್ ಅಂದವನಿಗೆ ‘ಯಾವ ಲೆವೆಲ್‌ನಲ್ಲಿ ಆಡ್ತೀಯ, ಯಾರ ಹತ್ರ ಕಲೀತಿದ್ದೀಯ, ಜೊತೆಗೆ ಓದು ಹೇಗೆ ನಡೆಸ್ತೀಯ’ ಅಂತ ಕೇಳೋದಕ್ಕೂ, ‘ಸುಮ್ನಿರೋ’ ಅನ್ನೋದಕ್ಕೂ ವ್ಯತ್ಯಾಸ ಇದೆ. ಮೊದಲನೇದರಲ್ಲಿ ಅವನೇ ಯೋಚನೆ ಮಾಡ್ತಾನೆ. ಎರಡನೇದರಲ್ಲಿ ಇನ್ಮೇಲೆ ಯಾರ ಹತ್ರನೂ ಬಾಯಿ ಬಿಡಬಾರದು ಅಂತ ಕಲೀತಾನೆ.

ಅಪ್ಪ ಅಮ್ಮನ ಮೇಲೆ ಎಲ್ಲ ಹೊರಿಸೋದು ನನಗೆ ಸರಿ ಅನಿಸಲ್ಲ. ಅಡ್ವಾನ್ಸ್ ಕಟ್ಟಿದ ಆ ತಂದೆ ಮಗಳ ಮೇಲಿನ ಪ್ರೀತಿಗೇ ಕಟ್ಟಿದ್ದು, ಬಹುಶಃ ಸಾಲ ಮಾಡಿ. ಅವರಿಗೆ ಸೀಟು ಎರಡೇ ಉಳಿದಿದೆ ಅಂತ ಹೆದರಿಸಿದವರು ಬೇರೆ, ಅವರ ನಂಬರ್ ಒದಗಿಸಿದವರು ಬೇರೆ. ಭಯ ಮಾರೋರಿಗೆ ಮಗುವಿನ ಮಾತು ಮಧ್ಯೆ ಬರೋದು ಬೇಕಾಗಿಲ್ಲ, ವ್ಯಾಪಾರ ನಿಧಾನ ಆಗುತ್ತೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದವರನ್ನ ಸೇರಿಸ್ಕೋಬಾರದು, ರ‍್ಯಾಂಕ್ ಗ್ಯಾರಂಟಿ ಅಂತ ಸುಳ್ಳು ಭರವಸೆ ಕೊಡಬಾರದು ಅಂತೆಲ್ಲ ಅದರಲ್ಲಿದೆ. ಮಾರ್ಗಸೂಚಿ ಅಷ್ಟೇ, ಜಾರಿ ಮಾಡೋದು ರಾಜ್ಯಗಳ ಕೈಲಿ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿಗಿರೋ ಫ್ಲೆಕ್ಸ್ ನೋಡಿದ್ರೆ ಅದನ್ನ ಎಷ್ಟು ಜನ ಓದಿದ್ದಾರೆ ಗೊತ್ತಾಗುತ್ತೆ.

ಆಪ್ಷನ್ ಎಂಟ್ರಿ ಕಥೆಯಂತೂ ನಿಮಗೆ ಹೇಳೋದೇ ಬೇಡ. ಹುಡುಗನ ಲಾಗಿನ್ನು, ಪಾಸ್‌ವರ್ಡು ಸೈಬರ್ ಸೆಂಟರಿನವನ ಹತ್ರ. ಪಟ್ಟಿ ಮಾಡೋದು ಅಪ್ಪನ ಆಫೀಸಿನ ಸ್ನೇಹಿತರು. ಸೀಟು ಬಂದ ಮೇಲೆ ಚಾಯ್ಸ್ 1ಆ, ಚಾಯ್ಸ್ 2ಆ ಅಂತ ನಿರ್ಧಾರ ಮಾಡೋದು ಬೆಂಗಳೂರಿನ ಚಿಕ್ಕಪ್ಪ. ಹೆಸರಿಗೆ ಚಾಯ್ಸ್. ನಮ್ಮ ಕ್ಲಾಸಲ್ಲಿ ‘ಈ ಬ್ರಾಂಚ್ ಯಾಕೆ ತಗೊಂಡೆ?’ ಅಂತ ಸುಮ್ನೆ ಕೇಳಿ ನೋಡಿ. ‘ತಗೊಂಡೆ’ ಅನ್ನೋರಿಗಿಂತ ‘ಕೊಡಿಸಿದ್ರು’ ಅನ್ನೋರೇ ಜಾಸ್ತಿ ಸಿಗ್ತಾರೆ. ಅದೇ ನಾವು ಈಗ ಹೋಗಿ ಕಿರಿಯರಿಗೆ ಕೊಡಿಸ್ತಾ ಇದ್ದೀವಿ.

ಇನ್ನು ಆ ಫೋನ್ ನಂಬರ್ ವಿಷಯ. ಮಗುವಿನ ಖಾಸಗಿತನದ ರಕ್ಷಣೆ ಅದೇ ಒಡಂಬಡಿಕೆಯ 16ನೇ ವಿಧಿಯಲ್ಲಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಹಂತಹಂತವಾಗಿ ಜಾರಿಯಾಗ್ತಿದೆ. 18ರೊಳಗಿನವರ ಮಾಹಿತಿ ಬಳಸೋಕೆ ಮೊದಲು ತಂದೆತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳನ್ನ ಗುರಿಯಾಗಿಸಿ ಜಾಹೀರಾತು ಕಳಿಸೋ ಹಾಗಿಲ್ಲ ಅನ್ನುತ್ತೆ ಅದು. ಕಾಗದದಲ್ಲಿ ಬರೆಸಿಕೊಂಡಿದ್ದನ್ನ ಕಂಪ್ಯೂಟರಿಗೆ ಏರಿಸಿದ್ರೂ ಆ ಕಾಯ್ದೆಯ ವ್ಯಾಪ್ತಿಗೇ ಬರುತ್ತೆ. ಡೇಟಾಬೇಸ್ ಪೇಪರಲ್ಲಿ ಪ್ರೈಮರಿ ಕೀ, ಫಾರಿನ್ ಕೀ ಅಂತ ಬರೆದು ಪಾಸಾಗಿರೋ ನಾವು, ಒಂದು ಹಳ್ಳಿಯ 140 ಮನೆಗಳ ಜಾತಿ, ಆದಾಯ, ಫೋನ್ ನಂಬರ್ ಇರೋ ಶೀಟನ್ನ ‘ಎನಿವನ್ ವಿತ್ ದ ಲಿಂಕ್’ ಅಂತ ಶೇರ್ ಮಾಡಿದ್ವಿ. ಸಂಸ್ಥೆಯವರು ಮೋಸ ಮಾಡಿದ್ರು ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ. ಸ್ಕಾಲರ್‌ಶಿಪ್ ಮಾಹಿತಿ ಕಳಿಸೋಕೆ ಅಪ್ಪನ ಜಾತಿ ಯಾಕೆ ಅಂತ ಕೇಳೋಕೆ ನಮಗೆ ಬಾಯಿ ಇತ್ತಲ್ಲ.

ಸೆಪ್ಟೆಂಬರ್‌ನಲ್ಲಿ ಅದೇ ಶಾಲೆಗೆ ಮತ್ತೆ ಹೋದ್ವಿ. ಎಂಟರಲ್ಲಿ ನಾಲ್ಕೇ ಜನ, ಪಾಯಿಂಟ್ಸ್ ಇರಲಿಲ್ಲ ನೋಡಿ. ಮೇಷ್ಟ್ರು ಒಪ್ಪಿದ್ದೇ ದೊಡ್ಡದು. ಈ ಸಲ ಬ್ಯಾನರ್ ಇಲ್ಲ, ಫಾರ್ಮ್ ಇಲ್ಲ. ಜೊತೆಗೆ ಡಿಪ್ಲೊಮಾದಿಂದ ಬಂದ ನಮ್ಮ ಕ್ಲಾಸಿನ ಹುಡುಗಿ, ಐಟಿಐ ಮುಗಿಸಿ ಕೆಲಸದಲ್ಲಿರೋ ಅವಳ ಅಣ್ಣ, ನರ್ಸಿಂಗ್ ಓದ್ತಿರೋ ಇನ್ನೊಬ್ಬರು, ಬಿಎ ಮಾಡಿ ಪಂಚಾಯಿತಿ ಲೈಬ್ರರಿ ನೋಡ್ಕೊಳ್ತಿರೋ ಒಬ್ಬರು ಅಕ್ಕ ಬಂದಿದ್ರು. ಮೊದಲ ಸಲ ನಾವು ಪಿಪಿಟಿ ತೋರಿಸಿದ್ವಿ. ಮುಂದಿನ ಬೆಂಚಲ್ಲಿ ದೃಷ್ಟಿ ಮಂದ ಇರೋ ಹುಡುಗನೊಬ್ಬ ಇದ್ದ ಅಂತ ನಮಗೆ ಗೊತ್ತಾಗಿದ್ದು ಈ ಸಲ. ಮೊದಲ ಸಲ ಅವನು ಎರಡು ಗಂಟೆ ಬರೀ ಬೆಳಕು ನೋಡ್ಕೊಂಡು ಕೂತಿದ್ದ. ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವನಂಥವರಿಗೆ ಕನಿಷ್ಠ 5 ಶೇಕಡಾ ಸೀಟು ಮೀಸಲು ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ. ಅವನಿಗೂ ಹೇಳಿದ್ವಿ, ಅವರ ಮೇಷ್ಟ್ರಿಗೂ ಹೇಳಿದ್ವಿ.

‘ಡೌಟ್ ಇದ್ಯಾ’ ಅಂತ ಕೇಳೋ ಬದಲು ಚೀಟಿ ಹಂಚಿದ್ವಿ. ಹೆಸರು ಬರೀಬೇಡಿ, ಏನು ಬೇಕಾದ್ರೂ ಕೇಳಿ ಅಂದ್ವಿ. ಫೆಬ್ರವರಿಯಲ್ಲಿ ಒಂದೂ ಪ್ರಶ್ನೆ ಇಲ್ಲದ ಶಾಲೆಯಲ್ಲಿ ಒಂದು ಬಕೆಟ್ ತುಂಬ ಚೀಟಿ. ಪ್ಯಾಕೇಜ್ ಬಗ್ಗೆ ಕೇಳಿದ್ದು ಮೂರೋ ನಾಲ್ಕೋ. ಉಳಿದಿದ್ದೆಲ್ಲ ಬೇರೆ ಥರ. ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಯಾವಾಗ ಹಾಕ್ಬೇಕು? ಇಂಗ್ಲಿಷ್ ಬರಲ್ಲ, ಪಿಯುಸಿ ಸೈನ್ಸಲ್ಲಿ ಫೇಲ್ ಆಗ್ತೀವಾ? ಕಾಲೇಜು ಮುಗಿಯೋ ಹೊತ್ತಿಗೆ ಬಸ್ ಇರಲ್ಲ, ಏನು ಮಾಡೋದು? ಹುಡುಗೀರು ಡಿಪ್ಲೊಮಾ ಮೆಕ್ಯಾನಿಕಲ್ ತಗೋಬಹುದಾ? ‘ನನಗೆ ಏನು ಇಷ್ಟ ಅಂತ ನನಗೇ ಗೊತ್ತಿಲ್ಲ, ಪರವಾಗಿಲ್ವಾ?’ ಅಂತ ಒಬ್ಬರು ಬರೆದಿದ್ರು. ಅದಕ್ಕೆ ನಾಲ್ಕೂ ಜನ ಒಟ್ಟಿಗೆ ಪರವಾಗಿಲ್ಲ ಅಂದ್ವಿ, ಇಡೀ ಕ್ಲಾಸು ನಕ್ಕಿತು.

ಒಂದು ಚೀಟಿಯನ್ನ ಮಾತ್ರ ಗಟ್ಟಿಯಾಗಿ ಓದಲಿಲ್ಲ. ‘ಪರೀಕ್ಷೆ ಮುಗಿದ ಮೇಲೆ ಮದುವೆ ಅಂತ ಮನೇಲಿ ಮಾತಾಡ್ತಿದ್ದಾರೆ. ಓದಬೇಕು ಅಂದ್ರೆ ಯಾರಿಗೆ ಹೇಳಬೇಕು?’ ಅಂತಿತ್ತು. ಬಕೆಟ್‌ನಿಂದ ಅದನ್ನ ತೆಗೆದಿದ್ದು ನಾನೇ. ಕೈ ನಡುಗಿತು ಅಂದ್ರೆ ಸಿನಿಮಾ ಡೈಲಾಗ್ ಥರ ಇರುತ್ತೆ, ಆದ್ರೆ ಮುಂದಿನ ಚೀಟಿ ಬಿಚ್ಚೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಯಾರು ಬರೆದಿದ್ದು ಅಂತ ಹುಡುಕೋಕೆ ಹೋಗಲಿಲ್ಲ. ಬದಲಿಗೆ ಎಲ್ಲರಿಗೂ ಸೇರಿಸಿ, ಹುಡುಗರಿಗೂ ಸೇರಿಸಿ, 1098 ಅನ್ನೋ ನಂಬರನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರೆದ್ವಿ. ಓದು ನಿಲ್ಲಿಸಿ ಅಂದ್ರೂ, ಕೆಲಸಕ್ಕೆ ಹೋಗಿ ಅಂದ್ರೂ, ಮದುವೆ ಅಂದ್ರೂ ಈ ನಂಬರಿಗೆ ಫೋನ್ ಮಾಡಬಹುದು, ದುಡ್ಡು ಖರ್ಚಾಗಲ್ಲ ಅಂತ ಹೇಳಿದ್ವಿ. ಕಾರ್ಯಕ್ರಮ ಮುಗಿದ ಮೇಲೆ ಚೀಟಿಯನ್ನ ಎಚ್‌ಎಂ ಮೇಡಂ ಕೈಗೆ ಕೊಟ್ವಿ. ಅವರು ಕೈಬರಹ ನೋಡಿ ತಲೆ ಅಲ್ಲಾಡಿಸಿದ್ರು, ‘ಗೊತ್ತಾಯ್ತು, ನಾನು ನೋಡ್ಕೋತೀನಿ’ ಅಂದ್ರು. ನವೆಂಬರ್‌ನಲ್ಲಿ ಅವರೇ ಆ ಮಕ್ಕಳನ್ನ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಕರ್ಕೊಂಡು ಹೋದ್ರಂತೆ. ಸಂಜೆ ಬಸ್ ಬೇಕು ಅಂತ ಅಲ್ಲಿ ಮೂರು ಹುಡುಗೀರು ಎದ್ದು ನಿಂತು ಕೇಳಿದ್ರಂತೆ. ಬಸ್ ಇನ್ನೂ ಬಂದಿಲ್ಲ.

ಈಗ ಮತ್ತೆ ಆ ಸೀಸನ್ ಹತ್ತಿರ ಬರ್ತಿದೆ. ನಮ್ಮ ಕ್ಯಾಂಪಸ್ಸಿನಿಂದಲೇ ಈ ವರ್ಷ ನಾಲ್ಕೈದು ತಂಡ ಹೈಸ್ಕೂಲುಗಳಿಗೆ ಹೋಗೋ ಪ್ಲಾನ್ ಇದೆ ಅಂತ ಕೇಳಿದೆ. ಒಳ್ಳೇದೇ, ಹೋಗಿ, ಪಾಯಿಂಟ್ಸ್‌ಗೆ ಹೋದ್ರೂ ಹೋಗಿ. ಆದ್ರೆ ಹೋಗೋ ಮುಂಚೆ ನಿಮ್ಮ ಕೋಆರ್ಡಿನೇಟರ್ ಕೊಡೋ ಫಾರ್ಮನ್ನ ಒಂದು ಸಲ ಓದಿ. ಫೋನ್ ನಂಬರ್ ಕಾಲಂ ಇದ್ರೆ ಅದು ಯಾರ ಕೈಗೆ ಹೋಗುತ್ತೆ ಕೇಳಿ. ಸರಿಯಾದ ಉತ್ತರ ಬರದಿದ್ರೆ ಫಾರ್ಮ್ ಇಲ್ಲಿಯೇ ಬಿಟ್ಟು ಹೋಗಿ, ಮಾತಾಡೋಕೆ ಫಾರ್ಮ್ ಬೇಕಿಲ್ಲ. ನಿಮ್ಮ ತಂಡದಲ್ಲಿ ಲ್ಯಾಟರಲ್ ಎಂಟ್ರಿಯವರು, ಕನ್ನಡ ಮಾಧ್ಯಮದವರು ಇದ್ರೆ ಅವರ ಕೈಗೆ ಮೊದಲು ಮೈಕ್ ಕೊಡಿ. ಅರ್ಧ ಗಂಟೆ ಮಾತಾಡಿ, ಒಂದು ಗಂಟೆ ಕೇಳಿಸ್ಕೊಳ್ಳಿ. ಗೊತ್ತಿಲ್ಲದ ಪ್ರಶ್ನೆ ಬಂದ್ರೆ ಗೊತ್ತಿಲ್ಲ ಅಂತ ಹೇಳಿ, ತಿಳ್ಕೊಂಡು ಮೇಷ್ಟ್ರಿಗೆ ತಿಳಿಸಿ. ನಮ್ಮ ಬಕೆಟ್‌ನ ಚೀಟಿಗಳಲ್ಲಿ ಹನ್ನೆರಡಕ್ಕೆ ನಾವು ಹಾಗೇ ಮಾಡ್ಬೇಕಾಯ್ತು, ಎರಡು ಇನ್ನೂ ಬಾಕಿ ಇವೆ.

ಮೋಟಾರ್ ಸುತ್ತೋ ಹುಡುಗ ಸೆಪ್ಟೆಂಬರ್ ಹೊತ್ತಿಗೆ ಶಾಲೆ ಬಿಟ್ಟು ಹೋಗಿದ್ದ, ಹತ್ತನೇ ಕ್ಲಾಸು ಮುಗಿದಿತ್ತಲ್ಲ. ಎಲ್ಲಿ ಸೇರಿದ ಅಂತ ಮೇಷ್ಟ್ರನ್ನ ಕೇಳಿದೆ. ಪಟ್ಟಣದ ಯಾವುದೋ ಕಾಲೇಜಲ್ಲಿ ಸೈನ್ಸ್ ತಗೊಂಡಿದ್ದಾನೆ ಅಂದ್ರು. ‘ನೀವೇ ಹೇಳಿದ್ರಂತಲ್ಲ?’ ಅಂದ್ರು.